ಮುನಿರತ್ನಮ್ಮ ನಿಧಾನ ಕಲಿತದ್ದು

ಉದ್ದನಪಲ್ಲಿಯ ಮುನಿರತ್ನಮ್ಮನಿಗೆ ಹುಟ್ಟಿನಿಂದಲೇ ಅವಸರ. ಅವಳು ನಲವತ್ತು ವರ್ಷ ಕೂಗಿದರೂ ಅಲುಗದ ಗಂಡ ಆವುಲಪ್ಪ, ಮೂರು ದಿನದ ವಾಂತಿಭೇದಿಗೆ ನೆಲ ಹಿಡಿದು ಹೊಸೂರಿನಲ್ಲಿ ಐಸಿಯು ಸೇರಿದ. ಕುಸಿದಿದ್ದ ಬಿಪಿ ಏರಲೆಂದು ಗುಂಡಿಗೆಗೆ ಬಲ ಕೊಡುವ ಔಷಧಿ ಹಾಕಿದರೆ ಬಿಪಿ ಇನ್ನೂ ಇಳಿಯಿತು.

“ಇನ್ನೊಂದಿಷ್ಟು ಜಾಸ್ತಿ ಬಿಡಿ ಸಾಮಿ,” ಎಂದಳು ಮುನಿರತ್ನಮ್ಮ.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಆ ಔಷಧಿಯನ್ನೇ ನಿಲ್ಲಿಸಿದರು. “ಮೈಯಲ್ಲಿ ನೀರಿಲ್ಲ, ಗುಂಡಿಗೆ ತುಂಬ್ತಿಲ್ಲ. ಖಾಲಿ ಗುಂಡಿಗೇನ ಅವಸರ ಮಾಡಿದ್ರೆ ಅದು ಬಿಗಿಯಾಗಿ ಹಿಂಡ್ಕೊಂಡು, ರಕ್ತ ಹೊರಗೆ ಹೋಗೋ ದಾರೀನೇ ಮುಚ್ಕೊಳ್ಳುತ್ತೆ. ಮೊದ್ಲು ತುಂಬಿಸ್ಬೇಕಮ್ಮ.”

ಸಲೈನ್ ಇಳಿಯಿತು, ಬಿಪಿ ಏರಿತು. ಕಣ್ಣು ಮುಚ್ಚಿ ಮಲಗಿದ್ದ ಆವುಲಪ್ಪ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಿದ್ದ.

ಊರಿಗೆ ಮರಳಿ ಚೇತರಿಸಿಕೊಂಡ ಮೇಲೂ, ಅವಳು “ಏಳಯ್ಯ, ಡೈರಿಗೆ ಹಾಲು ಹಾಕ್ಬಾ” ಎಂದಾಗಲೆಲ್ಲ ಅವನು ಲೋಟ ಚಾಚುತ್ತಿದ್ದ. “ಡಾಕ್ಟ್ರಮ್ಮ ಏನಂದ್ರು? ಅವಸರ ಮಾಡ್ಬ್ಯಾಡ, ಮೊದ್ಲು ತುಂಬ್ಸು.”

ಎಂಟು ದಿನ ಲೋಟಕ್ಕೆ ಮಜ್ಜಿಗೆ ಹುಯ್ದಳು; ಅವನು ಕುಡಿದು ಅಲ್ಲೇ ಕೂತ. ಒಂಬತ್ತನೆಯ ದಿನ ಎರಡು ಚೊಂಬು ಕುಡಿಸಿ, ತುಟಿ ಪಿಟಕ್ಕೆನ್ನದೆ ಕೂತಳು. ಅರ್ಧ ಗಂಟೆಯಲ್ಲಿ ಆವುಲಪ್ಪ ತಾನಾಗಿಯೇ ಎದ್ದು ಹಿತ್ತಲಿಗೆ ಓಡಿದ. ಹಗುರಾಗಿ ತಿರುಗಿದರೆ ಬಾಗಿಲಲ್ಲಿ ಹಾಲಿನ ಕ್ಯಾನು, ಪಕ್ಕದಲ್ಲಿ ಅವಳು.

“ಹೆಂಗೂ ಎದ್ದಿದ್ದೀಯಲ್ಲ,” ಎಂದಳು ಮುನಿರತ್ನಮ್ಮ, “ನಿಧಾನಕ್ಕೆ ಹೋಗ್ಬಾ.”