ಸೋದರತ್ತೆಯ ಬೆನ್ನು

ಮೊಮ್ಮಗಳು ಹುಟ್ಟಿದಾಗಿನಿಂದ ನನಗೆ ಬಾಯಿ ಮುಚ್ಚುವುದೇ ಮರೆತುಹೋಗಿದೆ. ಹಾಲಿನವನಿರಲಿ, ಸೊಪ್ಪಿನವಳಿರಲಿ, ಬಾಗಿಲಿಗೆ ಬಂದವರು ಕೂಸಿನ ಮೂಗಿನ ವರ್ಣನೆ ಕೇಳಿಯೇ ಹೋಗಬೇಕು. ಈಗ ನೀವು ಸಿಕ್ಕಿದ್ದೀರಿ. ಆದರೆ ಇವತ್ತು ಮೂಗು ಬಿಡುತ್ತೇನೆ. ತೊಟ್ಟಿಲ ಕಾರ್ಯದಲ್ಲಿ ನಾನು ಬೆಚ್ಚಿಬಿದ್ದ ಸಂಗತಿ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ.

ತೊಟ್ಟಿಲು ಹಾಕಿದ್ದು ಮಸ್ಕಿಯಲ್ಲಿ, ಸೊಸೆಯ ತವರಿನಲ್ಲಿ. ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ. ಅವಳು ಬಗ್ಗಿ ಕಿವಿಯಲ್ಲಿ ಹೆಸರು ಉಸುರಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೋ ನಾಲ್ಕನೇ ಇಯತ್ತೆ ಕಲಿತ ನನಗೆ ಗೊತ್ತಿಲ್ಲ, ಕಾಲೇಜು ಕಲಿತ ಸೊಸೆಗೂ ಗೊತ್ತಿಲ್ಲ. ಗುದ್ದಿಸಿಕೊಳ್ಳದ ಸೋದರತ್ತೆಯನ್ನು ಮಾತ್ರ ನಾನು ಕಂಡಿಲ್ಲ.

ಈ ಕೂಸಿನ ಸೋದರತ್ತೆ ನನ್ನ ಮಗಳು ಈರಮ್ಮ. ಚಿಕ್ಕಂದಿನ ಜ್ವರದಲ್ಲಿ ಕಾಲಿನ ಬಲ ಹೋಯಿತು, ವೀಲ್‌ಚೇರಿನಲ್ಲಿ ಓಡಾಡುತ್ತಾಳೆ. ಮೈ ನನ್ನದೇ, ದಪ್ಪ. ತಮ್ಮನಿಗೆ ಕೂಸಾಗುತ್ತದೆ ಎಂದು ಗೊತ್ತಾದ ದಿನದಿಂದ ಒಂದು ಹೆಸರು ಹುಡುಕಿ, ನನಗೂ ಹೇಳದೆ ಬಚ್ಚಿಟ್ಟುಕೊಂಡಿದ್ದಳು.

ಸಿಂಧನೂರಿನಿಂದ ಬಂದು ಟಂಟಂ ಇಳಿದೆವೋ ಇಲ್ಲವೋ, ಅಂಗಳದಲ್ಲೇ ಶುರುವಾಯಿತು. ಒಬ್ಬಾಕೆ ಪಕ್ಕದವಳಿಗೆ, ನಮಗೆ ಕೇಳುವಷ್ಟು ಮೆಲ್ಲಗೆ, "ಅನ್ನ ಕಡಿಮಿ ಮಾಡಿದ್ರ ಎದ್ದು ಅಡ್ಡಾಡ್ತಿದ್ಲು ನೋಡು" ಅಂದಳು. ಮರುಗಳಿಗೆ ಅವಳೇ ನನ್ನ ಗಲ್ಲ ಸವರಿ, "ಅಜ್ಜಿ ಅಂದ್ರ ಹಿಂಗಿರಬೇಕು, ಮೈತುಂಬ ಲಕ್ಷ್ಮಿ!" ಎಂದಳು. ನಾನು ದಂಗಾದೆ. ತೂಕದಲ್ಲಿ ನಾನು ಮಗಳಿಗಿಂತ ಒಂದು ಕೈ ಮೇಲೆ. ಅದೇ ಮೈ ಕಾಲ ಮೇಲೆ ನಿಂತರೆ ಲಕ್ಷ್ಮಿ, ಗಾಲಿಯ ಮೇಲೆ ಕೂತರೆ ತಪ್ಪು! ನಮ್ಮ ಓಣಿಯ ಗಂಡಸರು ಓಣಿ ತುದಿಯ ಚಹಾಕ್ಕೂ ಬೈಕ್ ಹತ್ತುತ್ತಾರೆ. ಅವರ ಅನ್ನದ ತಂಟೆಗೆ ಯಾರೂ ಹೋದದ್ದಿಲ್ಲ.

ಅದಾದರೂ ಸಹಿಸಬಹುದಿತ್ತು, ಆಮೇಲೆ ಮರುಕ ಬಂತು. ನಮ್ಮ ಬೀಗಿತ್ತಿ, ಮನಸ್ಸು ಬಂಗಾರ, ನನ್ನನ್ನು ಬದಿಗೆ ಕರೆದಳು.

"ಅಕ್ಕಾರ, ಪಾಪ, ಈರಮ್ಮಗ ಯಾಕ ತ್ರಾಸು? ಕೂಸು ಜಾರಿತಂದ್ರ? ನಮ್ಮೊಳಗ ಯಾರರ ಹೆಸರಿಡ್ತಾರ ಬಿಡ್ರಿ."

ಮಗಳಿಗೆ ಕೇಳಿಸಿತು. ಅವಳ ಮುಖ ಬಾಡಿತು. ಆದರೆ ಮಾತಾಡಿದ್ದು ಅಷ್ಟು ಬಡಬಡಿಸುವ ನಾನಲ್ಲ, ಬಾಣಂತಿ ಸೊಸೆ.

"ಯವ್ವಾ, ಈರಕ್ಕ ಇಡಲಿಲ್ಲಂದ್ರ ನನ್ನ ಮಗಳಿಗೆ ಹೆಸರಾ ಬ್ಯಾಡ."

ಅಂದವಳೇ ಕೂಸನ್ನು ತಂದು ಈರಮ್ಮನ ತೊಡೆಯ ಮೇಲಿಟ್ಟಳು. ಈರಮ್ಮ ಬಗ್ಗಿದಳು, ಹೆಸರು ಉಸುರಿದಳು, ಬೆನ್ನು ಒಡ್ಡಿ ಕಾದಳು. ಗುದ್ದು ಬೀಳಲಿಲ್ಲ. ಎತ್ತಿದ ಮುಷ್ಟಿಗಳು ಗಾಳಿಯಲ್ಲೇ ನಿಂತು, ಒಂದೊಂದಾಗಿ ಸೆರಗಿನೊಳಗೆ ಹೋದವು. ಯಾರೋ ಒಬ್ಬಾಕೆ ಬೆನ್ನು ಸವರಿದಳು, ದವಾಖಾನೆಯಲ್ಲಿ ಮಲಗಿದವರಿಗೆ ಸವರುವ ಹಾಗೆ. ಹೊಡೆತಕ್ಕಿಂತ ಹೆಚ್ಚು ನೋಯಿಸುವ ಸವರಿಕೆಯೂ ಇರುತ್ತದೆಂದು ಆಗ ಕಂಡೆ.

ಈರಮ್ಮ ತಲೆಯೆತ್ತಿದಳು. "ಯಾಕ್ರವಾ, ಕೈ ಸೋತ್ವೇನು?"

"ನಿನಗ ಹೆಂಗ ಹೊಡೀಬೇಕು ತಂಗೀ..." ಅಂದಳು ಬೀಗಿತ್ತಿ.

"ಬಲ ಇಲ್ಲದ್ದು ಕಾಲಿಗೆ. ಬೆನ್ನು ಗಟ್ಟಿ ಐತಿ. ತಡೀರಿ, ಮೊದಲು ಕೂಸು ತಗೋರಿ, ಬ್ರೇಕ್ ಹಾಕ್ತೀನಿ. ಹ್ಞಾಂ, ಈಗ ಗುದ್ರಿ!"

ಬೀಗಿತ್ತಿ ಅಂಜುತ್ತ ಒಂದು ಕೊಟ್ಟಳು.

"ಇದೇನ್ರಿ, ನೊಣಾ ಹೊಡದಂಗ ಆತು!"

ಹೆಂಗಸರೆಲ್ಲ ಹೋ ಎಂದು ನಕ್ಕರು. ಆಮೇಲೆ ಬಿದ್ದವು ನೋಡಿ ಗುದ್ದು, ಯಾವ ಕೈ ಯಾರದೆಂದು ತಿಳಿಯದಂತೆ. ಸಂದಿಯಲ್ಲಿ ನಾನೂ ಒಂದು ಸೇರಿಸಿದೆ.

ತಿರುಗಿ ಬರುವಾಗ ಟಂಟಂನಲ್ಲಿ ಮಗಳು ಬೆನ್ನು ನೀವಿಕೊಳ್ಳುತ್ತ ಕೂತಿದ್ದಳು.

"ಯವ್ವಾ, ಬೆನ್ನು ಹಣ್ಣು ಮಾಡ್ಯಾರ ನೋಡು."

"ಮನಿಗೆ ಹೋದಕೂಡ್ಲೆ ಎಣ್ಣಿ ಹಚ್ತೀನಿ ತಡಿ."

"ಬ್ಯಾಡ ಬೇ," ಅಂದಳು, ಹೊರಗೆ ನೋಡುತ್ತ. "ಇನ್ನೆರಡು ದಿನ ನೋಯ್ಲಿ."