ಕಬ್ಬಿನಂತೆ ಸಾಕಿದ ಗಿಡ

ಈಗಲೂ ನೆನೆದರೆ ಮೈ ಉರಿಯುತ್ತದೆ. ಹುಕ್ಕೇರಿಯ ತವರಿಗೆ ನಾನು ಹೋಗಿದ್ದು ಎರಡೇ ದಿನ. ಹೋಗುವಾಗ ಗಂಡನಿಗೆ ಹೇಳಿದ್ದೂ ಒಂದೇ ಮಾತು: "ಕಿಟಕ್ಯಾಗಿನ ಗಿಡಾ ಮುಟ್ಟಬ್ಯಾಡ್ರಿ."

ಅದು ಪೆಪರೋಮಿಯಾ. ಗೇಣುದ್ದದ ಗಿಡ, ದಪ್ಪ ದುಂಡನೆಯ ಎಲೆ. ಸುಡುಬಿಸಿಲು ಬೇಡ, ಗೊಬ್ಬರ ಬೇಡ. ಮಣ್ಣು ಒಣಗಿದ ಮೇಲೆ ಅರ್ಧ ಲೋಟ ನೀರು ಸಾಕು. ಗೋಕಾಕದ ಕಾಲೇಜಿಗೆ ಹೋಗುತ್ತಿದ್ದಾಗ ಮಗಳು ಗೆಳತಿಯಿಂದ ಒಂದೇ ಒಂದು ಎಲೆ ತಂದು ನೆಟ್ಟು, ಚಿಗುರಿಸಿದ್ದಳು. ಎರಡನೇ ವರ್ಷದಲ್ಲೇ ಇವರು ಕಾಲೇಜು ಬಿಡಿಸಿ ಅವಳನ್ನು ಮೂಡಲಗಿಗೆ ಮದುವೆ ಮಾಡಿಕೊಟ್ಟರು. "ಛಲೋ ಮನಿತನ, ಕೇಳೂದೇನೈತಿ ಅದರಾಗ?" ಎಂದಿದ್ದರು. ನನ್ನನ್ನೂ ಕೇಳಲಿಲ್ಲ, ಅವಳನ್ನೂ ಕೇಳಲಿಲ್ಲ. ಹೊರಡುವ ದಿನ ಅವಳು ಕುಂಡವನ್ನು ನನ್ನ ಕೈಗಿಟ್ಟು, "ಅವ್ವಾ, ಇದನ್ನರ ಉಳಸ" ಎಂದಳು.

ನಮ್ಮೂರು ಕೊಣ್ಣೂರಿಗೆ ಮರಳಿ ನೋಡುತ್ತೇನೆ, ಎಲೆಗಳು ಬೆಂದ ಸೊಪ್ಪಿನಂತೆ ಜೋತುಬಿದ್ದಿವೆ. ಕಾಂಡ ಮುಚ್ಚುವಷ್ಟು ಮಣ್ಣು, ಅದರ ಮೇಲೆ ನಿಂತ ನೀರು. ಕುಂಡದ ಅಂಚಿಗೆ ಯೂರಿಯಾದ ಬಿಳಿ ಕಾಳು ಅಂಟಿವೆ.

"ಏನ್ ಮಾಡೀರಿ ಇದಕ್ಕ?"

"ಕಬ್ಬಿಗಿ ಮಾಡಿದಂಗ ಮಾಡೇನಿ. ಒಂದ ಹಿಡಿ ಯೂರಿಯಾ ಹಾಕಿ, ಮಣ್ಣ ಏರಿಸಿ, ನೀರ ಬಿಟ್ಟೇನಿ. ಸೊರಗಿತ್ತ ಪಾಪ."

"ಮುಟ್ಟಬ್ಯಾಡ್ರಿ ಅಂದಿದ್ದಿಲ್ಲೇನ್ರಿ?"

"ಛಲೋ ಆಗ್ಲೆಂತ ಮಾಡೇನಿ. ಕೇಳೂದೇನೈತಿ ಅದರಾಗ?"

ಅದೇ ಮಾತು! ಬಾಯಿಗೆ ಬಂದಂತೆ ಬೈದೆ. ಹತ್ತು ಎಕರೆ ಕಬ್ಬು ನಿಮ್ಮದು, ಇಷ್ಟು ಸಣ್ಣ ಕುಂಡದ ಮೇಲೂ ನಿಮ್ಮದೇ ದರ್ಬಾರು ನಡೆಯಬೇಕೇ ಎಂದೆ. ಒಂದು ಗಿಡಕ್ಕೆ ಇಷ್ಟು ಸಿಟ್ಟೇ ಎಂದು ಅವರು ಚಪ್ಪಲಿ ಮೆಟ್ಟಿ ಹೊಲಕ್ಕೆ ಹೋದರು.

ಕೊಳೆಯದೆ ಉಳಿದಿದ್ದು ಒಂದು ಎಲೆ. ತೊಟ್ಟಿನ ಸಮೇತ ಕಿತ್ತು, ಬೇರೆ ಡಬ್ಬಿಯ ಮರಳುಮಣ್ಣಿನಲ್ಲಿ ಊರಿದೆ. ವಾರಕ್ಕೊಮ್ಮೆ ಮಗಳು ಫೋನಿನಲ್ಲಿ, "ನನ್ನ ಗಿಡಾ ಹೆಂಗೈತಿ?" ಎನ್ನುತ್ತಿದ್ದಳು. "ಐತವ್ವ" ಎಂದು ಸುಳ್ಳು ಹೇಳುತ್ತಿದ್ದೆ. ಹೇಳಿದಾಗಲೆಲ್ಲ ಇವರ ಮೇಲೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಎರಡು ತಿಂಗಳಿಗೆ ಎಲೆಯ ಬುಡದಲ್ಲಿ ಸಾಸಿವೆಕಾಳಿನಷ್ಟು ಚಿಗುರು ಕಂಡಿತು. ಮರುದಿನ ಬೆಳಿಗ್ಗೆ ಇವರು ಚೆಂಬು ಹಿಡಿದು ಕಿಟಕಿಯ ಹತ್ತಿರ ನಿಂತಿದ್ದರು. ತಡೆಯಲು ಓಡಿದೆ. ಆದರೆ ಅವರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಇದಕ್ಕ ನೀರ ಹಾಕ್ಲೇನ?"

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಸಿಟ್ಟು ನೆತ್ತಿಗೇರಿತು.

"ಹಿಂಗ ಕೇಳಾಕ ಬರ್ತೈತಿ ನಿಮಗ," ಎಂದೆ. "ಅವತ್ತ ಮಗಳಿಗಿ ಯಾಕ ಕೇಳಲಿಲ್ರಿ?"

ಅವರು ಚೆಂಬನ್ನು ಕೆಳಗಿಡಲೂ ಇಲ್ಲ, ನೀರು ಹಾಕಲೂ ಇಲ್ಲ.