ಮೇಜಿನ ಮೇಲಿನ ಓರೆ ದಾರ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಡಿಗ್ರಿ ಅಕ್ಕ ಎಂದು ಕರೆಯುತ್ತಿದ್ದರು. ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಆದರೂ ಆ ಖಗೋಳ ಸಂಶೋಧನಾ ಕಟ್ಟಡದಲ್ಲಿ ಅವಳಷ್ಟು ಡಿಗ್ರಿ ಕಂಡವರು ಇನ್ನೊಬ್ಬರಿರಲಿಲ್ಲ. ಕೋನ ಅಳೆದು ಬರೆಯುವುದೇ ಅವಳ ಕೆಲಸ. ಎರಡನೇ ಮಹಡಿಯ ಅಳತೆ ಕೋಣೆ, ಹಸಿರು ಬಟ್ಟೆ ಹೊದಿಸಿದ ಮೇಜು, ಕತ್ತು ಬಗ್ಗಿಸುವ ದೀಪ, ಕಣ್ಣಿಗೆ ಒತ್ತಿ ಹಿಡಿಯುವ ಭೂತಗನ್ನಡಿ, ಅಂಚು ಸವೆದ ಕೋನಮಾಪಕ. ಇಪ್ಪತ್ತೊಂದು ವರ್ಷ ಇವಿಷ್ಟರ ನಡುವೆ ಕಳೆದಿದ್ದವು. ಹಾಗಂತ ಅವಳ ಲೋಕ ಚಿಕ್ಕದು ಅಂದುಕೊಳ್ಳಬೇಡಿ. ಆ ಭೂತಗನ್ನಡಿಯ ಕೆಳಗೆ ಬಂದು ಹೋದದ್ದೆಲ್ಲ ಗ್ಯಾಲಕ್ಸಿಗಳು. ಒಂದೊಂದರಲ್ಲೂ ಕೋಟಿ ಕೋಟಿ ನಕ್ಷತ್ರ.

ಗ್ಯಾಲಕ್ಸಿಗಳೂ ನಮ್ಮ ಹಾಗೆ ಒಂಟಿಯಾಗಿರಲು ಒಲ್ಲವು. ನೂರಾರು ಒಟ್ಟು ಸೇರಿ ಗುಂಪಾಗಿರುತ್ತವೆ. ಗುಂಪಿನ ನಡುವೆ ಮನೆಯ ಯಜಮಾನಿಯಂತೆ ಒಂದು ಭಾರೀ ಗ್ಯಾಲಕ್ಸಿ ಕಾಲು ಚಾಚಿಕೊಂಡಿರುತ್ತದೆ, ದುಂಡಗಲ್ಲ, ಉದ್ದಕ್ಕೆ. ಸುತ್ತಲಿನ ಚಿಕ್ಕವು ಆ ದೊಡ್ಡದು ಮಲಗಿದ ದಿಕ್ಕಿಗೇ ಮಲಗುತ್ತವೋ, ತಮ್ಮಿಷ್ಟ ಬಂದ ಹಾಗೆ ಬಿದ್ದುಕೊಂಡಿರುತ್ತವೋ? ಇದು ವಿಭಾಗದ ಮುಖ್ಯಸ್ಥೆ ದೊಡ್ಡ ಮೇಡಂ ಅವರ ಪ್ರಶ್ನೆ. ಉತ್ತರ ಹುಡುಕಲು ಹದಿನಾಲ್ಕು ಗುಂಪುಗಳ ಫೋಟೋಗಳನ್ನು ಡಿಗ್ರಿ ಅಕ್ಕನ ಮೇಜಿನ ಮೇಲಿಟ್ಟಿದ್ದರು. ಅವುಗಳಲ್ಲಿ ಸಾವಿರದ ಇನ್ನೂರು ಗ್ಯಾಲಕ್ಸಿಗಳು, ಒಂದೂವರೆ ವರ್ಷದ ಕೆಲಸ.

ಅವಳು ತನ್ನದೇ ಒಂದು ಉಪಾಯ ಮಾಡಿಕೊಂಡಿದ್ದಳು. ಪ್ರತಿ ಸಲ ಎರಡು ಕೋನ ಅಳೆದು ಒಂದರಿಂದ ಇನ್ನೊಂದನ್ನು ಕಳೆಯುವ ಗೋಜು ಯಾರಿಗೆ ಬೇಕು? ಮೇಜಿನ ಮೇಲೆ ಅಡ್ಡಲಾಗಿ ಒಂದು ಕಪ್ಪು ದಾರ ಬಿಗಿದಳು. ಯಾವ ಫೋಟೋ ಬಂದರೂ ಮೊದಲು ಅದನ್ನು ತಿರುಗಿಸಿ, ನಡುವಿನ ದೊಡ್ಡ ಗ್ಯಾಲಕ್ಸಿಯನ್ನು ದಾರದ ಉದ್ದಕ್ಕೆ ಕೂರಿಸುವುದು. ಆಮೇಲೆ ಉಳಿದವು ದಾರದಿಂದ ಎಷ್ಟು ಡಿಗ್ರಿ ಓರೆಯೆಂದು ಬರೆಯುವುದು. ದಾರವನ್ನು ಅವಳು ನೆಟ್ಟಗೆ ಕಟ್ಟಿರಲಿಲ್ಲ. ಗಡಿಯಾರದ ಏಳರಿಂದ ಒಂದಕ್ಕೆ ಗೆರೆ ಎಳೆದಂತೆ ಓರೆಯಾಗಿ ಕಟ್ಟಿದ್ದಳು. ಯಾಕೆಂದರೆ ಹಾಗಿದ್ದರೆ ದಾರ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಬೇರೆ ಹೇಗೆ ಕಟ್ಟಿದರೂ ಅಂಚು ಮಸುಕು.

ಉತ್ತರ ಬಂತು. ನಲವತ್ತೈದು ಡಿಗ್ರಿಗಿಂತ ಕಡಿಮೆ ಓರೆಯಿದ್ದರೆ ದಾರದ ಕಡೆ ವಾಲಿದ ಲೆಕ್ಕ. ಯಾವ ಒಲವೂ ಇಲ್ಲದಿದ್ದರೆ ಅರ್ಧದಷ್ಟು ಗ್ಯಾಲಕ್ಸಿಗಳು ಮಾತ್ರ ಹಾಗೆ ವಾಲಬೇಕು. ವಾಲಿದ್ದು ನೂರಕ್ಕೆ ಎಪ್ಪತ್ತು. ದೊಡ್ಡ ಮೇಡಂ ನಕ್ಕದ್ದನ್ನು ಕೋಣೆಯವರು ಅಂದು ಮೊದಲ ಸಲ ಕಂಡರು. ಹತ್ತು ದಿನದಲ್ಲಿ ವಿಜ್ಞಾನಿಗಳ ದೊಡ್ಡ ಸಭೆ. ಅಲ್ಲಿ ಮೇಡಂ ಇದನ್ನು ಓದುವವರಿದ್ದರು. ಲೇಖನದ ಕೊನೆಯಲ್ಲಿ ಅಳತೆ ಮಾಡಿದವಳ ಹೆಸರೂ ಅಚ್ಚಾಗಲಿತ್ತು. ಡಿಗ್ರಿ ಅಕ್ಕ ಆ ಪುಟವನ್ನು ಮನೆಗೆ ಒಯ್ದು ಗಂಡನಿಗೆ ಎರಡು ಸಲ ತೋರಿಸಿದಳು.

ಅದಾದ ಮರುದಿನವೇ ತಲೆನೋವೆಂದು ಅವಳು ಕನ್ನಡಕದ ಡಾಕ್ಟರ ಬಳಿ ಹೋದದ್ದು. ಅವರು ಗೋಡೆಯ ಮೇಲೆ ಒಂದು ಚಿತ್ರ ತೋರಿಸಿದರು. ನಡುವಿನಿಂದ ಸುತ್ತಲೂ ಗೆರೆಗಳು, ಚಕ್ರದ ಕಡ್ಡಿಗಳ ಹಾಗೆ.

"ಯಾವ ಗೆರೆ ಕಪ್ಪಗೆ, ಚೆನ್ನಾಗಿ ಕಾಣ್ತಿದೆ, ಅಮ್ಮಾ?"

"ಅದು. ಏಳರಿಂದ ಒಂದಕ್ಕೆ ಹೋಗೋದು."

"ಎಲ್ಲಾ ಗೆರೆನೂ ಒಂದೇ ಕಪ್ಪು. ನಿಮ್ಮ ಕಣ್ಣಿನ ಮುಂಭಾಗ ಸ್ವಲ್ಪ ಸೊಟ್ಟಗಿದೆ, ಅಷ್ಟೇ. ಬಹಳ ಜನಕ್ಕಿರುತ್ತೆ. ದುಂಡಗಿರೋ ಚುಕ್ಕೆ ನಿಮಗೆ ಆ ದಿಕ್ಕಿಗೆ ಎಳೆದ ಹಾಗೆ, ಜೀರಿಗೆ ಕಾಳಿನ ಹಾಗೆ ಕಾಣುತ್ತೆ. ಆ ದಿಕ್ಕಿನ ಗೆರೆ ಮಾತ್ರ ಸ್ಪಷ್ಟ. ಕನ್ನಡಕ ಹಾಕಿದ್ರೆ ಸರಿಹೋಗುತ್ತೆ."

ಡಾಕ್ಟರು ಚೌಕಟ್ಟುಗಳ ಪೆಟ್ಟಿಗೆ ತೆರೆದು ಕಂದು ಬೇಕೋ ಕಪ್ಪು ಬೇಕೋ ಎಂದು ಕೇಳುತ್ತಿದ್ದರು. ಅವಳಿಗೆ ಕಾಣುತ್ತಿದ್ದದ್ದು ಹಸಿರು ಬಟ್ಟೆಯ ಮೇಲಿನ ದಾರ ಮಾತ್ರ. ದಾರ ಓರೆ ಕಟ್ಟಿದವಳು ತಾನು. ಅದನ್ನು ಹಾಗೆ ಕಟ್ಟಿಸಿದ್ದು ಈ ಕಣ್ಣು. ಚಿಕ್ಕ ಗ್ಯಾಲಕ್ಸಿಗಳು ಹದಿನಾಲ್ಕು ಗುಂಪುಗಳಲ್ಲೂ ದಾರದ ಕಡೆಗೇ ವಾಲಿದ್ದು ಆಕಾಶದಲ್ಲೋ, ತನ್ನ ಕಣ್ಣೊಳಗೋ?

ಬೀದಿಗೆ ಬಂದಳು. ನಡು ಮಧ್ಯಾಹ್ನ, ಬಸ್ಸುಗಳ ಗದ್ದಲ, ಸಾಮಾನು ಚೀಲ ಹಿಡಿದ ಜನ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಆಗ ನೆನಪಾದವರು ಗಾಜಿನ ಮಾಮ. ಹಿಂದೆ ಅದೇ ಕೋಣೆಯಲ್ಲಿ ಅವಳ ಪಕ್ಕದ ಮೇಜಿನಲ್ಲಿದ್ದ ಹಿರಿಯರು. ಆಕಾಶದ ಚಿತ್ರ ಮೂಡಿದ್ದ ಒಂದು ಫೋಟೋ ಗಾಜು ಕೈಜಾರಿ ಒಡೆದಿದ್ದನ್ನು ಕಪಾಟಿನ ಹಿಂದೆ ಬಚ್ಚಿಟ್ಟಿದ್ದರು. ಸಿಕ್ಕಿಬಿದ್ದ ದಿನವೇ ದೊಡ್ಡ ಮೇಡಂ ಅವರನ್ನು ಮನೆಗೆ ಕಳಿಸಿದರು. ಮಾಮ ಊಟದ ಡಬ್ಬಿಯನ್ನೂ ಮರೆತು ಹೋಗಿದ್ದರು. ಅದು ಒಂದು ತಿಂಗಳು ಕಿಟಕಿಯ ಕಟ್ಟೆಯ ಮೇಲೇ ಇತ್ತು. ಮಾಮ ಒಡೆದದ್ದು ಒಂದು ಗಾಜು. ತಾನು ಸಾವಿರದ ಇನ್ನೂರು.

ಎರಡು ದಿನ ಬಾಯಿ ಬಿಡಲಿಲ್ಲ. ಕಚೇರಿಯಲ್ಲಿ ಮೇಡಂ ಅವರ ಚಪ್ಪಲಿ ಸದ್ದು ಕೇಳಿದರೆ ಪೆನ್ಸಿಲ್ಲಿನ ಮೊನೆ ಮುರಿಯುತ್ತಿತ್ತು. ಸುಮ್ಮನಿದ್ದುಬಿಟ್ಟರೆ ಯಾರಿಗೆ ಗೊತ್ತಾದೀತು, ಗ್ಯಾಲಕ್ಸಿ ಬಂದು ದೂರು ಕೊಡುತ್ತದೆಯೇ ಎಂದೂ ಯೋಚಿಸಿದಳು. ಆ ಯೋಚನೆ ಬಂದದ್ದಕ್ಕೇ ಇನ್ನಷ್ಟು ಹೆದರಿದಳು.

ಅವಳ ಗಂಡ ಕೋಟು ಹೊಲಿಯುವ ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂರನೇ ದಿನ ಅವನು ಕತ್ತರಿ ಕೆಳಗಿಟ್ಟ.

"ಏನಾಗಿದೆಯೇ ನಿನಗೆ? ಎರಡು ದಿನದಿಂದ ನೋಡ್ತಿದ್ದೀನಿ, ಮುಖ ಸುಣ್ಣ ಬಳಿದ ಹಾಗಿದೆ."

ಅವಳು ಅಳುತ್ತಾ ಎಲ್ಲ ಹೇಳಿದಳು. "ಕೆಲಸ ಹೋಗುತ್ತೆ ರೀ. ಹೋದ್ರೆ ಹೋಗ್ಲಿ, ಸುಳ್ಳು ಬರೆದವಳು ಅಂತಾರಲ್ಲ! ಆ ಕೋಣೆ ಬಿಟ್ರೆ ನನಗೆ ಇನ್ನೇನು ಗೊತ್ತು?"

ಗ್ಯಾಲಕ್ಸಿಯೆಂದರೆ ಏನೆಂದು ಅವನಿಗೆ ತಿಳಿಯದು. ಬಟ್ಟೆ ತಿಳಿಯುತ್ತದೆ. ಮೊಣಕಾಲ ಮೇಲಿದ್ದ ಬೂದು ಬಟ್ಟೆಯನ್ನು ಎತ್ತಿ ಹಿಡಿದ. "ಇದರಲ್ಲೊಂದು ಗೆರೆ ಕಾಣ್ತು ಅಂತಿಟ್ಕೋ. ನೇಯ್ಗೆದೋ, ಕಿಟಕಿಯ ನೆರಳೋ ಗೊತ್ತಾಗ್ಬೇಕಾದ್ರೆ ನಾನೇನ್ಮಾಡ್ತೀನಿ? ಬಟ್ಟೆ ತಿರುಗಿಸ್ತೀನಿ. ನೇಯ್ಗೆದಾದ್ರೆ ಬಟ್ಟೆ ಜೊತೆ ತಿರುಗುತ್ತೆ. ನೆರಳಾದ್ರೆ ಅಲ್ಲೇ ಇರುತ್ತೆ. ನಿನ್ನ ಫೋಟೋನೂ ತಿರುಗಿಸಿ ನೋಡೇ."

"ನಾನೇ ತಿರುಗಿಸಿದ್ರೆ ಯಾವ ಕಡೆ ತಿರುಗಿಸ್ದೆ ಅಂತ ನನಗೆ ಗೊತ್ತಿರುತ್ತಲ್ಲ. ಕೈ ತಾನಾಗಿ ಆ ಕಡೆಗೇ ಹೋಗುತ್ತೆ."

"ಮತ್ತೆ ನಾನ್ಯಾಕಿದ್ದೀನಿ?"

ಫೋಟೋಗಳ ಬೇಡದ ಹಳೆಯ ಪ್ರತಿಗಳನ್ನು ಮನೆಗೆ ಒಯ್ಯಲು ಕಚೇರಿಯಲ್ಲಿ ಅಡ್ಡಿಯಿರಲಿಲ್ಲ. ರಜೆಯ ದಿನ ಬೆಳಗ್ಗೆ ಅವನು ಅವಳನ್ನು ಅಡುಗೆಮನೆಗೆ ಅಟ್ಟಿ, ಬಾಟಲಿಯ ಮುಚ್ಚಳವನ್ನು ಅಳತೆಗಿಟ್ಟುಕೊಂಡು ಒಂದೊಂದೇ ಗ್ಯಾಲಕ್ಸಿಯನ್ನು ದುಂಡಗೆ ಕತ್ತರಿಸಿದ. ಯಜಮಾನಿಯರ ಸುತ್ತಲಿನವುಗಳಲ್ಲೇ ಅರವತ್ತು ತೀರ ಚಿಕ್ಕವು, ಇಪ್ಪತ್ತು ತುಸು ದೊಡ್ಡವು. ಅವಳು ಮೊದಲೇ ತೋರಿಸಿಕೊಟ್ಟಿದ್ದಂತೆ, ಆ ಗುಂಪಿನ ಯಜಮಾನಿ ಯಾವ ದಿಕ್ಕಿಗೆ ಮಲಗಿದ್ದಳೆಂದು ಪ್ರತಿ ಬಿಲ್ಲೆಯ ಬೆನ್ನಿಗೆ ಒಂದು ಗೆರೆ ಎಳೆದ. ಆಮೇಲೆ ಎಲ್ಲವನ್ನೂ ಗುಂಡಿಗಳ ಡಬ್ಬಿಗೆ ಹಾಕಿ ಚೆನ್ನಾಗಿ ಕುಲುಕಿದ. ಕೋಟಿನ ಅಳತೆ ತೆಗೆಯುವಾಗಲೂ ಅವನು ಅಷ್ಟು ಗಂಭೀರವಾಗಿರುತ್ತಿರಲಿಲ್ಲ.

ಇಸ್ತ್ರಿ ಮೇಜಿನ ಮೇಲೆ ಅದೇ ಓರೆಗೆ ಅದೇ ಕಪ್ಪು ದಾರ. ಅವನು ಬಿಲ್ಲೆಯನ್ನು ಮನಸ್ಸು ಬಂದ ಹಾಗೆ ತಿರುಗಿಸಿ ಇಡುವನು. ಅವಳು ಅಳೆದು ಹೇಳುವಳು. ಅವನು ಬೆನ್ನು ನೋಡಿ ತನ್ನ ಅಳತೆ ಪುಸ್ತಕದಲ್ಲಿ, ಯಾರದೋ ಸೊಂಟದ ಸುತ್ತಳತೆಯ ಪಕ್ಕದಲ್ಲಿ, ಗುರುತು ಹಾಕುವನು. ಸಂಜೆಯಾಗುವ ಹೊತ್ತಿಗೆ ಎಂಬತ್ತೂ ಮುಗಿದವು. ಅವಳು ಕೈ ಒರೆಸಿಕೊಳ್ಳುತ್ತಲೇ ಇದ್ದಳು. ಒಣಗಿದ ಕೈಯನ್ನೇ ಒರೆಸುತ್ತಿದ್ದಳು.

"ಚಿಕ್ಕವು ಅರವತ್ತು," ಅವನು ಓದಿದ. "ಮೇಜಿನ ದಾರದ ಕಡೆ ವಾಲಿದ್ದು ನಲವತ್ಮೂರು. ಬೆನ್ನಿನ ಗೆರೆ ಕಡೆ ಮೂವತ್ತೊಂದು. ಅಂದ್ರೆ?"

ಅಂದರೆ ಹೇಗೆ ತಿರುಗಿಸಿಟ್ಟರೂ ಅವು ದಾರವನ್ನೇ ಹಿಡಿದಿದ್ದವು. ಬೆನ್ನಿನ ಗೆರೆಗೆ ಅರ್ಧಕ್ಕರ್ಧ ಮಾತ್ರ. ಅಂದರೆ ನೆರಳು. ಅಂದರೆ ಕಣ್ಣು. ಅವಳು ಕೋನಮಾಪಕ ಕೆಳಗಿಟ್ಟು ಎದ್ದಳು.

"ತಡಿಯೇ, ದೊಡ್ಡವು ಇನ್ನೂ ಓದಿಲ್ಲ. ಇಪ್ಪತ್ತರಲ್ಲಿ ದಾರದ ಕಡೆ ಹತ್ತು. ಬೆನ್ನಿನ ಗೆರೆ ಕಡೆ ಹದಿನೈದು."

ಅವಳು ಪುಸ್ತಕ ಕಿತ್ತುಕೊಂಡು ತಾನೇ ಎಣಿಸಿದಳು. ಹದಿನೈದು. ಕಣ್ಣಿನ ಎಳೆತಕ್ಕೆ ಸಿಗದಷ್ಟು ದೊಡ್ಡವಾದ್ದರಿಂದ ಅವು ಬಿಲ್ಲೆಯ ಜೊತೆಗೇ ತಿರುಗಿದ್ದವು. ಇಪ್ಪತ್ತು ಏನೇನೂ ಸಾಲದೆಂದು ಅವಳಿಗೆ ಗೊತ್ತು. ಆದರೂ ಅಲ್ಲಿ ಏನೋ ಇತ್ತು. ಎಲ್ಲವೂ ಸುಳ್ಳಾಗಿದ್ದರೆ ಹೇಳುವುದು ಸುಲಭವಾಗುತ್ತಿತ್ತೇನೋ. ಈಗ ಹೇಳದಿದ್ದರೆ ನಿಜವಾದದ್ದೂ ಸುಳ್ಳಿನ ಜೊತೆ ಹೋಗುತ್ತದೆ. ಸಭೆಗೆ ಉಳಿದದ್ದು ಐದೇ ದಿನ.

ಮರುದಿನ ಅವಳು ಊಟದ ಡಬ್ಬಿ ಒಯ್ಯಲಿಲ್ಲ. ಮರೆತು ಬಂದರೆ ಎಂಬ ಹೆದರಿಕೆ. ಮೇಡಂ ಅವರ ಕೋಣೆಯ ಬಾಗಿಲು ತಟ್ಟುವ ಮುಂಚೆ ಮೂರು ಸಲ ಕೈ ಎತ್ತಿ ಇಳಿಸಿದಳು. ಒಳಗೆ ಹೋಗಿ, ಗುಂಡಿಗಳ ಡಬ್ಬಿಯನ್ನು ಮೇಜಿನ ಮೇಲಿಟ್ಟು, ನಿಂತೇ ಹೇಳಿದಳು. ಕಣ್ಣು, ದಾರ, ಟೈಲರು, ನಲವತ್ಮೂರು, ಹದಿನೈದು.

ದೊಡ್ಡ ಮೇಡಂ ಒಂದು ಬಿಲ್ಲೆ ಎತ್ತಿ ನೋಡಿದರು. ತಿರುವಿ ಬೆನ್ನು ನೋಡಿದರು.

"ಸಾಧ್ಯವೇ ಇಲ್ಲ," ಎಂದರು. "ನಿನ್ನ ಅಳತೆ ನಾನೇ ಪರೀಕ್ಷೆ ಮಾಡಿದ್ದೀನಿ. ಐವತ್ತು ಗ್ಯಾಲಕ್ಸಿ. ಐವತ್ತೂ ಹೊಂದಿದ್ವು. ನನ್ನ ಕಣ್ಣೂ ಸೊಟ್ಟನಾ?"

ಡಿಗ್ರಿ ಅಕ್ಕನಿಗೆ ಅಡುಗೆಮನೆಗೆ ಅಟ್ಟಿಸಿಕೊಂಡ ಬೆಳಗ್ಗೆ ಕಲಿತದ್ದು ನೆನಪಿತ್ತು. "ಮೇಡಂ, ಅಳೆಯೋ ಮುಂಚೆ... ನನ್ನ ಅಂಕಿ ನೋಡಿದ್ರಾ?"

ಮೇಡಂ ಅವಳ ಕಡೆ ನೋಡದೆ ಬಿಲ್ಲೆಯನ್ನು ಮತ್ತೆ ತಿರುವಿದರು, ಮತ್ತೆ ತಿರುವಿದರು. ಇಪ್ಪತ್ತೊಂದು ವರ್ಷ ತಾನು ಹೆದರಿದ್ದ ಹೆಂಗಸಿಗೂ ಹೆದರಿಕೆಯಿದೆ ಎಂದು ಅವಳಿಗೆ ಆ ಕ್ಷಣಕ್ಕೆ ಹೊಳೆಯಿತು. ಇದರಿಂದ ಸಮಾಧಾನವೇನೂ ಆಗಲಿಲ್ಲ. ಹಿಡಿದುಕೊಳ್ಳಲು ಇದ್ದ ಗೋಡೆಯೂ ಅಲುಗಾಡಿದ ಹಾಗಾಯಿತು.

"ನೋಡಿದ್ದೆ," ಎಂದರು ಮೇಡಂ ಕೊನೆಗೆ. "ನಿನ್ನ ಪುಸ್ತಕ ತೆರೆದಿಟ್ಕೊಂಡೇ ಅಳೆದಿದ್ದೆ."

"ನಾನು ಮನೆಗೆ ಹೋಗ್ಲಾ ಮೇಡಂ? ಗಾಜಿನ ಮಾಮನ ಹಾಗೆ?"

"ಅವರು ಗಾಜು ಒಡೆದದ್ದಕ್ಕೆ ಹೋದ್ರು ಅಂದ್ಕೊಂಡ್ಯಾ ಇಷ್ಟು ವರ್ಷ? ಬಚ್ಚಿಟ್ಟಿದ್ದಕ್ಕಮ್ಮಾ." ಮೇಡಂ ಲೇಖನದ ಕಟ್ಟನ್ನು ಎಳೆದುಕೊಂಡು ಮೊದಲ ಪುಟದ ಮೇಲೆ ಅಡ್ಡಗೆರೆ ಎಳೆದರು. "ಸಭೆಗೆ ಬರಲ್ಲ ಅಂತ ಬರೀತೀನಿ. ನೀನು ಮೊದಲು ಕನ್ನಡಕ ಹಾಕ್ಕೊಂಡು ಬಾ. ಎಲ್ಲ ಮತ್ತೆ ಅಳೀಬೇಕು."

ವಾರದ ಮೇಲೆ ಕಂದು ಚೌಕಟ್ಟಿನ ಕನ್ನಡಕ ಹಾಕಿಕೊಂಡು ಅವಳು ಭೂತಗನ್ನಡಿಗೆ ಬಗ್ಗಿದಳು. ಚಿಕ್ಕ ಗ್ಯಾಲಕ್ಸಿಗಳಲ್ಲಿ ಎಷ್ಟೋ ದುಂಡಗಿದ್ದವು. ಉಳಿದವು ಕಂಡಕಂಡ ಕಡೆ ಮುಖ ಮಾಡಿದ್ದವು. ಯಜಮಾನಿಯ ಹಂಗೇ ಅವಕ್ಕಿರಲಿಲ್ಲ. ಒಂದೂವರೆ ವರ್ಷ ಅವನ್ನೆಲ್ಲ ದೊಡ್ಡದರ ಕಡೆಗೆ ತಿರುಗಿಸಿ ಮಲಗಿಸಿದವಳು ತಾನೇ. ಅವಳಿಗೆ ನಾಚಿಕೆಯಾಯಿತು, ನಗುವೂ ಬಂತು.

ಅಷ್ಟರಲ್ಲಿ ದೊಡ್ಡ ಮೇಡಂ ಒಳಗೆ ಬಂದು ಗಾಜಿನ ಮಾಮನ ಖಾಲಿ ಮೇಜಿನ ಧೂಳು ಒರೆಸಿ ಕುಳಿತರು. ಕೈಯಲ್ಲಿ ತಮ್ಮದೇ ಕೋನಮಾಪಕ. "ಶುರು ಮಾಡೋಣ. ಮೊದಲನೇದು ಎಷ್ಟು ಬಂತು?"

ಡಿಗ್ರಿ ಅಕ್ಕ ಪುಸ್ತಕ ಮುಚ್ಚಿ ಅದರ ಮೇಲೆ ಮೊಣಕೈ ಊರಿದಳು.

"ಹೇಳಲ್ಲ ಮೇಡಂ," ಎಂದಳು. "ನೀವು ಅಳೀರಿ ಮೊದಲು."